ಕೃತಿಸ್ವಾಮ್ಯದ ಅವಧಿ ಇನ್ನು ಬೆಳೆಯಬಾರದು

ಕೃತಿಸ್ವಾಮ್ಯ, ಅಂದರೆ ಬಳಕೆಯ ಮಾತಿನ ಕಾಪಿರೈಟ್, ಬರೆದವರಿಗೆ ತಮ್ಮ ಬರಹದ ಮೇಲೆ ಕಾನೂನು ಒಂದು ಅವಧಿಯವರೆಗೆ ಮಾತ್ರ ಕೊಡುವ ಹಕ್ಕು; ಆ ಅವಧಿ ಮುಗಿದೊಡನೆ ಕೃತಿಯು ಯಾರು ಬೇಕಾದರೂ ಅಚ್ಚು ಹಾಕಬಹುದಾದ, ಅನುವಾದಿಸಬಹುದಾದ, ರಂಗಕ್ಕೆ ತರಬಹುದಾದ ಸಾರ್ವಜನಿಕ ಸ್ವತ್ತಾಗುತ್ತದೆ. ಅಮೆರಿಕದ 1790ರ ಕಾಯಿದೆ ಇದನ್ನು 14 ವರ್ಷಕ್ಕೆ ನಿಗದಿಪಡಿಸಿ, ಲೇಖಕ ಬದುಕಿದ್ದರೆ ಮತ್ತೆ 14 ವರ್ಷ ಮುಂದುವರಿಸಲು ಅವಕಾಶವಿತ್ತಿತ್ತು. ಅದೇ ದೇಶದಲ್ಲಿ 1998ರ ಕಾಯಿದೆಯಿಂದ ಅದು ಲೇಖಕನ ಮರಣಾನಂತರದ 70 ವರ್ಷಕ್ಕೂ, ಕಂಪನಿಗಳಿಗಾಗಿ ತಯಾರಾದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷಕ್ಕೂ ಏರಿತು.

ಈ ಏರಿಕೆಗಾಗಿ ಒತ್ತಡ ಹೇರಿದವರಲ್ಲಿ ಡಿಸ್ನಿ ಕಂಪನಿ ಪ್ರಮುಖವಾಗಿತ್ತು. ಮಿಕ್ಕಿ ಮೌಸ್‌ನ 1928ರ ಚಿತ್ರದ ಹಕ್ಕು 2003ರ ಕೊನೆಗೆ ಮುಗಿಯಬೇಕಾಗಿದ್ದುದು ಹೀಗೆ 2023ರ ಕೊನೆಯವರೆಗೆ ಉಳಿಯಿತು. ಗ್ರಿಮ್ ಸಹೋದರರು ಸಂಗ್ರಹಿಸಿದ ಜನಪದ ಕಥೆಯನ್ನು ಯಾರ ಅನುಮತಿಯನ್ನೂ ಕೇಳದೆ ಎತ್ತಿಕೊಂಡು 1937ರಲ್ಲಿ ‘ಸ್ನೋ ವೈಟ್’ ತೆಗೆದದ್ದೂ ಇದೇ ಕಂಪನಿ ಎಂಬುದನ್ನು ಇಲ್ಲಿ ಮರೆಯಲಾಗದು. ಕಾಯಿದೆಯನ್ನು ಪ್ರಶ್ನಿಸಿದ ಎಲ್ಡ್ರೆಡ್ ಪ್ರಕರಣದಲ್ಲಿ ಮಿಲ್ಟನ್ ಫ್ರೀಡ್‌ಮನ್ ಸೇರಿದಂತೆ ಮಾರುಕಟ್ಟೆಯ ಪರವಾದ ಅರ್ಥಶಾಸ್ತ್ರಜ್ಞರೇ ಈ ವಿಸ್ತರಣೆಯಿಂದ ಹೊಸ ಬರವಣಿಗೆಗೆ ಸಿಗುವ ಪ್ರೋತ್ಸಾಹ ನಗಣ್ಯವೆಂದು ವಾದಿಸಿದರು. ಆದರೂ ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ 7–2ರ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು. ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ರೇಯರ್ ತೋರಿಸಿದ ಲೆಕ್ಕವೇ ಹೆಚ್ಚು ಮುಖ್ಯವಾದುದು: 55ರಿಂದ 75 ವರ್ಷ ಹಳೆಯದಾದ ಕೃತಿಸ್ವಾಮ್ಯಗಳಲ್ಲಿ ಆದಾಯ ತರುವಂಥವು ಸುಮಾರು ಶೇ. 2 ಮಾತ್ರ. ಆ ಕೆಲವೇ ಕೃತಿಗಳ ಲಾಭಕ್ಕಾಗಿ ಉಳಿದೆಲ್ಲವೂ ಮರುಮುದ್ರಣವಿಲ್ಲದೆ, ಎಷ್ಟೋ ವೇಳೆ ಹಕ್ಕುದಾರರು ಯಾರೆಂಬುದೇ ತಿಳಿಯದೆ, ಬೀಗದೊಳಗೆ ಉಳಿಯುತ್ತವೆ.

ಭಾರತದ 1957ರ ಕಾಯಿದೆಯಲ್ಲಿ ಅವಧಿ ಮರಣಾನಂತರ 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಬಿಡುವ ಹೊತ್ತಿಗೆ ಅದನ್ನು 60ಕ್ಕೆ ಏರಿಸಲಾಯಿತು. ಲಾಭ ಪಡೆದದ್ದು ಕಂಪನಿಯಲ್ಲದಿದ್ದರೂ ಒಬ್ಬರಿಗಾಗಿ ಮಾಡಿದ ತಿದ್ದುಪಡಿ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಅನ್ವಯಿಸಿತು. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಪಿ. ಕೈಲಾಸಂ ಅವರ ಕೃತಿಗಳು 1997ರ ಬದಲು 2007ರಲ್ಲಿ ಕನ್ನಡಿಗರೆಲ್ಲರ ಸ್ವತ್ತಾದವು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರ ಕೃತಿಗಳು 2036ರಲ್ಲಿ, 1981ರಲ್ಲಿ ತೀರಿಕೊಂಡ ಬೇಂದ್ರೆಯವರವು 2042ರಲ್ಲಿ ಹಾಗಾಗಬೇಕು.

ಅವಧಿಯನ್ನು 70ಕ್ಕೆ ಒಯ್ಯುವ ಒತ್ತಡ ಈಗ ಬರುವುದು ಶಾಸನಸಭೆಗಳ ಬಾಗಿಲಿನಿಂದಲ್ಲ, ಓದುಗರಿಗೂ ಗ್ರಂಥಾಲಯಗಳಿಗೂ ಜಾಗವಿಲ್ಲದ ವ್ಯಾಪಾರ ಒಪ್ಪಂದಗಳ ಮಾತುಕತೆಯಿಂದ. ಅಮೆರಿಕ ಮತ್ತು ಮೆಕ್ಸಿಕೊದೊಡನೆ ಮಾಡಿಕೊಂಡ ಒಪ್ಪಂದದ ಕಾರಣಕ್ಕೆ ಕೆನಡಾ 2022ರ ಕೊನೆಯಲ್ಲಿ 50 ವರ್ಷದಿಂದ 70ಕ್ಕೆ ಹೋಗಬೇಕಾಯಿತು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ಕೇಳುವುದು 50 ವರ್ಷವನ್ನಷ್ಟೇ. ಭಾರತ ಈಗಾಗಲೇ ಅದಕ್ಕಿಂತ 10 ವರ್ಷ ಹೆಚ್ಚು ಕೊಟ್ಟಿದೆ. ಆದ್ದರಿಂದ ಕೇಂದ್ರ ಸರ್ಕಾರ ಯಾವ ದೇಶದೊಡನೆಯೂ ಇನ್ನೊಂದು ವರ್ಷವನ್ನೂ ಒಪ್ಪಬಾರದು, ಅಂಥ ಒಪ್ಪಂದಗಳ ಕೃತಿಸ್ವಾಮ್ಯದ ಅಧ್ಯಾಯವನ್ನು ಸಹಿಗೆ ಮುನ್ನ ಬಹಿರಂಗಪಡಿಸಬೇಕು, ಮತ್ತು ಕರ್ನಾಟಕದ ಸಂಸದರು ಈ ಎರಡು ಬೇಡಿಕೆಗಳನ್ನು ಸಂಸತ್ತಿನಲ್ಲಿ ಎತ್ತಬೇಕು.