ಪ್ರೊಫೆಸರ್ ಯಶಪಾಲರ ವಿಶ್ರಾಂತ ಜೀವನ

೨೦೧೭ನೆಯ ಇಸವಿಯ ಜುಲೈ ೨೪ರಂದು ಭಾರತದ ಅಂತರಿಕ್ಷ ವಿಜ್ಞಾನವು ಒಂದೇ ದಿನ ಇಬ್ಬರು ಹಿರಿಯರನ್ನು ಕಳೆದುಕೊಂಡಿತು. ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿ, ಆರ್ಯಭಟ ಉಪಗ್ರಹವನ್ನು ಕಟ್ಟಿಸಿದ ಪ್ರೊಫೆಸರ್ ಯು. ಆರ್. ರಾಯರು ಬೆಂಗಳೂರಿನಲ್ಲಿ ದಿವಂಗತರಾದರು. ಪ್ರೊಫೆಸರ್ ಯಶಪಾಲರು ದೆಹಲಿಯ ಮಗ್ಗುಲಿನ ನೊಯ್ಡಾದಲ್ಲಿ. ರಾಯರು ನಮ್ಮವರಾದುದರಿಂದ ಕನ್ನಡಿಗರು ಅವರನ್ನು ನೆನೆದುದು ಸಹಜವೇ ಸರಿ. ಯಶಪಾಲರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅವರ ಜನ್ಮಶತಾಬ್ದಿಯ ವರ್ಷವಾದ ೨೦೨೬ರ ನೆವದಲ್ಲಾದರೂ ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಅಧಿಕಾರದಿಂದ ನಿವೃತ್ತರಾದ ವಿದ್ವಾಂಸರು ದೇಶಕ್ಕೆ ಯಾವ ಬಗೆಯಲ್ಲಿ ಉಪಯೋಗವಾಗಬಹುದೆಂಬ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ.

ಈಗ ಪಾಕಿಸ್ತಾನಕ್ಕೆ ಸೇರಿರುವ ಝಂಗ್ ಎಂಬಲ್ಲಿ ೧೯೨೬ರ ನವೆಂಬರ್ ೨೬ರಂದು ಜನಿಸಿದ ಯಶಪಾಲರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ ಹೆಸರಾದವರು. ಆ ಬಳಿಕ ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದ ಮೊದಲ ನಿರ್ದೇಶಕರಾದರು. ಅಲ್ಲಿದ್ದಾಗ ಅವರು ಕೈಗೊಂಡ ಒಂದು ಕಾರ್ಯವು ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ್ದಾಗಿದೆ. ೧೯೭೫ರ ಆಗಸ್ಟ್ ಒಂದರಿಂದ ಒಂದು ವರ್ಷದವರೆಗೆ, ಅಮೆರಿಕದವರಿಂದ ಎರವಲಾಗಿ ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಲಾಯಿತು. ಅವುಗಳಲ್ಲಿ ನಮ್ಮ ಬಿಜಾಪುರ, ಗುಲಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದುವು. ಬೆಂಗಳೂರಿನವರೇ ತಮ್ಮ ಮನೆಗಳಲ್ಲಿ ದೂರದರ್ಶನವನ್ನು ಕಾಣದಿದ್ದ ಆ ಕಾಲದಲ್ಲಿ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಬಟ್ಟಲೊಂದನ್ನು ಆಕಾಶದ ಕಡೆಗೆ ತಿರುಗಿಸಿಟ್ಟು, ಆ ಹಳ್ಳಿಗಳ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿ ವಿಜ್ಞಾನದ ಪಾಠಗಳನ್ನು ನೋಡಿದರು. ವರ್ಷ ತುಂಬಿದೊಡನೆ ಉಪಗ್ರಹವು ಒಡೆಯರ ಕೈಗೆ ಮರಳಿತು. ಪರೋಪಕಾರದಿಂದ ದೊರೆತ ಸೌಕರ್ಯಕ್ಕೆ ಇರುವ ಆಯುಸ್ಸು ಅಷ್ಟೇ. ಆದರೆ ಸ್ವಂತ ಉಪಗ್ರಹಗಳು ನಮಗೆ ಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ದೊರೆಯುವಂತಿರಲಿಲ್ಲ.

ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗದ ಅಧ್ಯಕ್ಷ ಪದವಿಯನ್ನು ೧೯೯೧ರಲ್ಲಿ ಬಿಟ್ಟಾಗ ಅವರಿಗೆ ೬೫ ವರ್ಷ ಸಮೀಪಿಸಿತ್ತು. ಸಾಮಾನ್ಯವಾಗಿ ನಮ್ಮ ಹಿರಿಯ ಅಧಿಕಾರಿಗಳು ಈ ವಯಸ್ಸಿಗೆ ಆತ್ಮಚರಿತ್ರೆಗೆ ಕೈಹಚ್ಚುವರು, ಇಲ್ಲವೆ ಇನ್ನೊಂದು ಪದವಿಗಾಗಿ ದೆಹಲಿಯ ಹಾದಿ ಹಿಡಿಯುವರು. ಯಶಪಾಲರು ಮಕ್ಕಳ ಕಡೆಗೆ ತಿರುಗಿದರು. ದೂರದರ್ಶನದಲ್ಲಿ ಕುಳಿತು ಊರೂರಿನ ಹುಡುಗರ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಚಂಡೀಗಡದ ಟ್ರಿಬ್ಯೂನ್ ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆದರು. ೧೯೮೦ರ ಫೆಬ್ರವರಿ ೧೬ರಂದು ಅಂಕೋಲೆಯಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣವಾದಾಗ ಜನರನ್ನು ಮನೆಯೊಳಗೆ ಕಟ್ಟಿಹಾಕುವುದಕ್ಕಾಗಿ ದೂರದರ್ಶನದವರು ಹಿಂದೀ ಚಲಚ್ಚಿತ್ರವನ್ನು ತೋರಿಸಿದ್ದುದನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ೧೯೯೫ರ ಅಕ್ಟೋಬರ್ ೨೪ರ ಗ್ರಹಣಕ್ಕೆ ಅದೇ ದೂರದರ್ಶನವು ಯಶಪಾಲರನ್ನು ಕರೆದು ಗ್ರಹಣವನ್ನೇ ದೇಶಕ್ಕೆ ತೋರಿಸಿತು.

ಅವರ ಕಾರ್ಯಗಳಲ್ಲಿ ನಮಗೆ ಅತ್ಯಂತ ಮುಖ್ಯವಾಗಿ ತೋರುವುದು ಪಾಠಶಾಲೆಯ ಮಕ್ಕಳ ಹೊರೆಯ ವಿಚಾರ. ಮೈಸೂರಿನ ಆರ್. ಕೆ. ನಾರಾಯಣರು ರಾಜ್ಯಸಭೆಯಲ್ಲಿ ಎದ್ದು ನಿಂತು, ಪುಸ್ತಕದ ಚೀಲದ ಭಾರಕ್ಕೆ ಮಕ್ಕಳ ಬೆನ್ನು ಬಾಗುತ್ತಿದೆಯೆಂದು ದೂರಿದ್ದರು. ಕೆಲವು ವರ್ಷಗಳ ಮೇಲೆ ೧೯೯೨ರಲ್ಲಿ ಭಾರತ ಸರಕಾರದವರು ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ೧೯೯೩ರ ಜುಲೈಯಲ್ಲಿ ವರದಿಯು ಹೊರಬಂದಿತು. ಚೀಲದ ತೂಕಕ್ಕಿಂತಲೂ, ಓದಿದ್ದು ತಿಳಿಯದೆ ಇರುವುದೇ ಮಗುವಿಗೆ ಹೆಚ್ಚಿನ ಭಾರವೆಂಬುದು ಆ ವರದಿಯ ತಿರುಳು. ನಮ್ಮ ರಾಜ್ಯದಲ್ಲಿ ೨೦೧೯ರಲ್ಲಿ ಚೀಲದ ತೂಕವು ಮಗುವಿನ ತೂಕದ ನೂರಕ್ಕೆ ಹತ್ತರಷ್ಟನ್ನು ಮೀರಕೂಡದೆಂದು ಆಜ್ಞೆಯಾಯಿತು. ಇಪ್ಪತ್ತಾರು ವರ್ಷಗಳ ತರುವಾಯ ನಾವು ಕೈಯಲ್ಲಿ ಹಿಡಿದದ್ದು ತಕ್ಕಡಿಯನ್ನು! ತೂಗುವುದು ಸುಲಭ, ತಿಳಿಯುವಂತೆ ಕಲಿಸುವುದು ಕಷ್ಟ. ಹೋಶಂಗಾಬಾದ ಜಿಲ್ಲೆಯ ೧೬ ಶಾಲೆಗಳಲ್ಲಿ ೧೯೭೨ರಲ್ಲಿ, ಮಕ್ಕಳು ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಏರ್ಪಾಡು ಆರಂಭವಾದಾಗ ಯಶಪಾಲರು ಅದಕ್ಕೆ ಬೆಂಬಲವಾಗಿ ನಿಂತವರು. ಅದು ಹಲವು ಜಿಲ್ಲೆಗಳಿಗೆ ಹಬ್ಬಿದ ಮೇಲೆ ೨೦೦೨ರಲ್ಲಿ ಮಧ್ಯಪ್ರದೇಶದ ಸರಕಾರವು ಅದನ್ನು ನಿಲ್ಲಿಸಿಬಿಟ್ಟಿತು. ಮೂವತ್ತು ವರ್ಷಗಳ ಕೆಲಸಕ್ಕೆ ಒಂದು ಹುಕುಮು ಸಾಕಾಯಿತು.

ಅದೇ ೨೦೦೨ರಲ್ಲಿ ಛತ್ತೀಸಗಡದಲ್ಲಿ ಒಂದು ಕಾನೂನಾಯಿತು. ಅದರ ಬಲದಿಂದ ಸುಮಾರು ಒಂದು ವರ್ಷದೊಳಗೆ ೧೧೨ ಖಾಸಗಿ ವಿಶ್ವವಿದ್ಯಾನಿಲಯಗಳು ಹುಟ್ಟಿಕೊಂಡುವು. ಅನೇಕಕ್ಕೆ ಕಟ್ಟಡವಿರಲಿಲ್ಲ, ಒಂದೊಂದು ಕೋಣೆಯಲ್ಲಿ ಒಂದೊಂದು ವಿಶ್ವವಿದ್ಯಾನಿಲಯ! ಪದವಿಯ ಕಾಗದವನ್ನು ಮಾರುವುದಕ್ಕೆ ಅದಕ್ಕಿಂತ ಹೆಚ್ಚಿನ ಸ್ಥಳವೇಕೆ? ಯಶಪಾಲರು ಸರ್ವೋಚ್ಚ ನ್ಯಾಯಾಲಯಕ್ಕೆ ಸ್ವತಃ ಅರ್ಜಿದಾರರಾಗಿ ಹೋದರು. ಅವರ ಕೈಯಲ್ಲಿ ಆಗ ಅಧಿಕಾರವಿರಲಿಲ್ಲ, ಮೊಹರು ಇರಲಿಲ್ಲ. ೨೦೦೫ರ ಫೆಬ್ರವರಿಯಲ್ಲಿ ನ್ಯಾಯಾಲಯವು ಆ ಕಾನೂನಿನ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಆಗ ಅವರಿಗೆ ೭೮ ವರ್ಷ.

ಯಶಪಾಲರ ಎಲ್ಲ ಅಭಿಪ್ರಾಯಗಳೂ ನಮಗೆ ಒಪ್ಪಿಗೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ಉಚ್ಚ ಶಿಕ್ಷಣದ ಆಯೋಗಗಳನ್ನೆಲ್ಲ ಎತ್ತಿಹಾಕಿ ದೇಶಕ್ಕೆಲ್ಲ ಒಂದೇ ಆಯೋಗವಿರಬೇಕೆಂದು ೨೦೦೯ರಲ್ಲಿ ಅವರ ಸಮಿತಿಯು ಮಾಡಿದ ಸಲಹೆಯು, ವಿದ್ಯೆಯ ಅಧಿಕಾರವನ್ನು ಇನ್ನಷ್ಟು ದೆಹಲಿಗೆ ಒಯ್ಯುವುದೆಂಬ ಶಂಕೆ ನಮಗಿದೆ. ಆದರೆ ಈ ಭೇದವು ಅವರ ಸೇವೆಯ ಬೆಲೆಯನ್ನು ಕುಗ್ಗಿಸುವುದಿಲ್ಲ.

ಬೆಂಗಳೂರಿನಲ್ಲಿ ಅಂತರಿಕ್ಷ ಸಂಸ್ಥೆಯಿಂದ ನಿವೃತ್ತರಾದವರು ಬಹುಮಂದಿ ನೆಲಸಿರುವರು. ಅವರಲ್ಲಿ ಕೆಲವರು ಕರೆದಲ್ಲಿಗೆ ಹೋಗಿ ಮಕ್ಕಳೊಡನೆ ಮಾತನಾಡುತ್ತಿರುವುದು ಸಂತೋಷದ ವಿಷಯ. ಆದರೆ ಒಂದು ದಿನದ ಭಾಷಣ, ಹಾರ, ಛಾಯಾಚಿತ್ರ ಇವುಗಳಿಂದ ಮಗುವಿನ ಪ್ರಶ್ನೆ ತೀರುವುದಿಲ್ಲ. ವರ್ಷಕ್ಕೆ ಹದಿನೈದು ದಿನಗಳಾದರೂ ಒಂದೇ ಶಾಲೆಯಲ್ಲಿ ಕುಳಿತು, ಕನ್ನಡದಲ್ಲಿಯೇ ಪ್ರಯೋಗ ಮಾಡಿಸಲು ಒಪ್ಪುವವರ ಪಟ್ಟಿಯೊಂದನ್ನು ವಿದ್ಯಾ ಇಲಾಖೆಯವರು ಸಿದ್ಧಪಡಿಸಲಿ. ಅಂಥವರನ್ನು ಬರಮಾಡಿಕೊಳ್ಳಲು ಮುಖ್ಯೋಪಾಧ್ಯಾಯರು ಮೂರು ಕಚೇರಿಗಳ ಅಪ್ಪಣೆ ಕಾಯಬೇಕಾಗದಂತೆ ನಿಯಮವಾಗಲಿ. ಪ್ರಯಾಣದ ವೆಚ್ಚ, ಉಳಿದುಕೊಳ್ಳಲು ಒಂದು ಕೋಣೆ, ಇಷ್ಟನ್ನು ಕೊಡಲಾರದಷ್ಟು ಬಡತನ ಸರಕಾರಕ್ಕಿಲ್ಲ. ಮೊದಲು ಯಾವ ಜಿಲ್ಲೆಗಳೆಂದು ಕೇಳಿದರೆ ನಮ್ಮ ಉತ್ತರ ಸಿದ್ಧವಾಗಿದೆ: ವಿಜಯಪುರ, ಕಲಬುರಗಿ, ರಾಯಚೂರು. ೧೯೭೫ರಲ್ಲಿ ತಂತಿಬಲೆಯ ಬಟ್ಟಲಿನ ಎದುರು ಕುಳಿತಿದ್ದ ಮಕ್ಕಳ ಮೊಮ್ಮಕ್ಕಳು ಈಗ ಅಲ್ಲಿ ಓದುತ್ತಿರುವರು.