ಸೂರು ಮೊದಲು, ಮಹಜರು ಆಮೇಲೆ

ನಮ್ಮ ಹೊಸದುರ್ಗ ಸೀಮೆಯಲ್ಲಿ ಮಳೆ ಕಡಿಮೆ ಎಂದು ಎಲ್ಲರೂ ಬಲ್ಲರು. ಆದರೆ ಮುಂಗಾರಿಗೆ ಮುಂಚೆ ಅದು ಬರುವ ಪರಿ ಎಂಥದ್ದೆಂದು ಮಾಡದಕೆರೆ ಹೋಬಳಿಯವರನ್ನು ಕೇಳಬೇಕು. ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿ ಮುಂದಾಗಿ ಮಳೆ ಹಿಂದಾಗಿ ನುಗ್ಗಿತೆಂದರೆ, ಅರ್ಧ ಗಂಟೆಯಲ್ಲಿ ತೆಂಗಿನ ಮರ ಉರುಳಿ, ಕಂಬ ಮುರಿದು, ಮನೆಯ ಶೀಟು ಪಕ್ಕದ ಹೊಲದಲ್ಲಿ ಬಿದ್ದಿರುತ್ತದೆ.

ಬೆಳಗಾದರೆ ಊರಿನ ತಿಳಿದವರು ಬುದ್ಧಿ ಹೇಳಲು ಬರುತ್ತಾರೆ: "ಏನೂ ಮುಟ್ಟಬೇಡ್ರಪ್ಪ, ಮಹಜರು ಆಗ್ಬೇಕು." ಸರಿ, ಮಹಜರು ಆಗುವವರೆಗೆ ಮಳೆ ಕಾಯುತ್ತದೆಯೇ? ಎರಡನೇ ಮಳೆಗೆ ಮಣ್ಣಿನ ಗೋಡೆ ನೆನೆಯುತ್ತದೆ, ರಾಗಿ ಮುಗ್ಗುತ್ತದೆ. ಒಂದು ಟಾರ್ಪಾಲು ಹೊದಿಸಿದ್ದರೆ ನಿಲ್ಲುತ್ತಿದ್ದ ಗೋಡೆ, ಕಾಗದಕ್ಕೆ ಕಾಯುತ್ತಾ ಕುಸಿಯುತ್ತದೆ.

ಪರಿಹಾರದ ಲೆಕ್ಕವಾದರೂ ಹೇಗಿದೆ ನೋಡಿ. ಕೇಂದ್ರ ಸರ್ಕಾರ 2022-26ರ ಅವಧಿಗೆ ಗೊತ್ತುಮಾಡಿದ ದರದಂತೆ, ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ. ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಶೇಕಡ 15ರಷ್ಟಾದರೂ ಹಾನಿಯಾಗಿದ್ದರೆ ಮಾತ್ರ. ಅಂದರೆ ಸಾಲ ಮಾಡಿ ಗೋಡೆ ಉಳಿಸಿಕೊಂಡವನಿಗೆ ಚಿಲ್ಲರೆ ಕಾಸು, ಬೀಳಲಿ ಎಂದು ಬಿಟ್ಟವನಿಗೆ ಲಕ್ಷ! ದುಡಿಯುವವನ ವಿವೇಕಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಹಣವಿಲ್ಲ ಎನ್ನಬೇಡಿ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಇದೇ ರಾಜ್ಯ 5 ಲಕ್ಷ ಘೋಷಿಸಿತ್ತು.

ಇನ್ನು ವಿಮೆ. ನಮ್ಮವರಿಗೆ ಜೀವಕ್ಕೆ ವಿಮೆ ಗೊತ್ತು, ಟ್ರ್ಯಾಕ್ಟರಿಗೆ ಗೊತ್ತು, ಅಡಿಕೆ-ದಾಳಿಂಬೆಗೂ ಗೊತ್ತು. ಮನೆಗೂ ಇದೆಯೆಂದು ಹಳ್ಳಿಗೆ ಬಂದು ಹೇಳಿದವರು ಎಷ್ಟು ಮಂದಿ? 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ದೇಶಕ್ಕೆಲ್ಲ ಜಾರಿಯಲ್ಲಿದೆ. ಬಿರುಗಾಳಿಯ ಹಾನಿ ಅದರೊಳಗೆ ಸೇರಿದೆ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರನದೇ ಕರ್ತವ್ಯ ಎಂದೂ ಅದರಲ್ಲಿದೆ. ಹಾಗಿರುವಾಗ, ಟಾರ್ಪಾಲು ಹೊದಿಸಿದರೆ ಕ್ಲೇಮು ಹೋಯಿತು ಎಂದು ಹೆದರಿಸುವವರ ಮಾತು ಪೊಳ್ಳು. ಹೊದಿಸುವ ಮುಂಚೆ ಫೋಟೋ ತೆಗೆಯಿರಿ, ಮುರಿದ ಶೀಟು ಎತ್ತಿಡಿ, ಕೊಂಡ ಸಾಮಾನಿನ ರಸೀದಿ ಜೋಪಾನ ಮಾಡಿ, ಕಂಪನಿಗೆ ಕೂಡಲೇ ತಿಳಿಸಿ. ಕಂಪನಿಗೆ ಬರೆದೂ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ, ದೂರಿಗೆ ಶುಲ್ಕವಿಲ್ಲ. ನಿಜವಾಗಿ ಮುಟ್ಟಬಾರದ್ದು ಹರಿದುಬಿದ್ದ ಕರೆಂಟ್ ತಂತಿಯನ್ನು. ಅದಕ್ಕೆ 1912ಕ್ಕೆ ಫೋನ್ ಮಾಡಿ.

ಸರ್ಕಾರವನ್ನು ಕೇಳಬೇಕಾದದ್ದು ಹೆಚ್ಚೇನಿಲ್ಲ. ಊರಿನ ಇಬ್ಬರ ರುಜುವಿರುವ ಫೋಟೋವನ್ನು ಮಹಜರಿಗೆ ಸಮನೆಂದು ಒಪ್ಪಲಿ. ಯುಗಾದಿಗೆ ಮುಂಚೆಯೇ ನಾಡಕಚೇರಿಯಲ್ಲಿ ಟಾರ್ಪಾಲು ತಂದಿಡಲಿ. ದುರಸ್ತಿ ಮಾಡಿಕೊಂಡವನ ಖರ್ಚನ್ನೂ ಹಾನಿಯೆಂದೇ ಎಣಿಸಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಕೋಟೆಯ ಜಿಲ್ಲೆಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ "ನಮ್ಮ ಹಣೆಬರಹ" ಎಂದು ಸುಮ್ಮನೆ ಕೂರದೆ, ಎದ್ದು ನಿಂತು ಇಷ್ಟನ್ನಾದರೂ ಕೇಳೋಣ.