ಪರಸ್ಥಳದ ದವಾಖಾನೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಯಲ್ಲಿ ರೋಗಕ್ಕೆ ಜಡ್ಡು ಎನ್ನುವರು. ಜ್ವರಕ್ಕೆ ಉರಿ ಎನ್ನುವರು. ಹೆರಿಗೆಯ ನೋವಿಗೆ ಬ್ಯಾನಿ ಎನ್ನುವರು. ಇವಕ್ಕೆಲ್ಲ ಔಷಧ ದೊರೆಯುವ ಸ್ಥಳಕ್ಕೆ ದವಾಖಾನೆ ಎನ್ನುವರು. ಈ ಕೊನೆಯ ಶಬ್ದವು ಅರಬಿ-ಪಾರಸಿ ಮೂಲದ್ದಾದರೂ ಇಲ್ಲಿನ ಮಾತಿನಲ್ಲಿ ಬೆರೆತು ಮನೆಯದೇ ಆಗಿದೆ. ಆದರೆ ಈ ಶಬ್ದಗಳು ಜಿಲ್ಲೆಯ ಗಡಿ ದಾಟಿದೊಡನೆ ಬಡವಾಗುತ್ತವೆ. ಗೋವೆಯ ಮಾತಿರಲಿ, ಕನ್ನಡನಾಡೇ ಆದ ಮಂಗಳೂರಿನಲ್ಲಿ 'ಉರಿ ಬಂದಾವ್ರಿ' ಎಂದರೆ ಮೈಯಲ್ಲಿ ಎಲ್ಲಿ ಉರಿಯುತ್ತದೆ ಎಂದು ವೈದ್ಯರು ಕೇಳಿಯಾರು; ಜಡ್ಡು ಎಂದರೆ ದುಡಿದು ಗಟ್ಟಿಯಾದ ಅಂಗೈಯ ಚರ್ಮವನ್ನು ನೋಡಿಯಾರು. ನಿಘಂಟುಕಾರನಿಗೆ ಇದೊಂದು ಸ್ವಾರಸ್ಯ. ಕೂಸನ್ನು ಹೆಗಲಿಗೆ ಹಾಕಿಕೊಂಡು ಸರದಿಯಲ್ಲಿ ನಿಂತ ತಾಯಿಗೆ ಮಾತ್ರ ಇದೇ ಮೊದಲನೆಯ ಸಂಕಟ.

ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ನಿಂತ ಮೇಲೆ ಗುಳೆ ಹೋಗುವುದು ಈ ಭಾಗದ ಅನೇಕ ಮನೆತನಗಳಿಗೆ ಹೊಸದಲ್ಲ. ವಾಸ್ಕೋದ ಬಾಯಿನಾ, ಝುವಾರಿನಗರಗಳಲ್ಲಿಯೂ ಮಡಗಾವಿಯಲ್ಲಿಯೂ ಕನ್ನಡದ ಕುಟುಂಬಗಳು ನೆಲೆಸಿ ತಲೆಮಾರುಗಳೇ ಕಳೆದಿವೆ. ಮಂಗಳೂರು, ಉಡುಪಿಗಳ ಕಟ್ಟಡಗಳಿಗೆ ಕಲ್ಲು ಹೊತ್ತವರಲ್ಲಿ ಬಾದಾಮಿ-ಹುನಗುಂದದವರು ಎಷ್ಟೋ ಮಂದಿ. ಪರದೇಶವೆಂದರೆ ಕಡಲಾಚೆಗಿನದು ಎಂದೇ ಓದಿದವರ ಭಾವನೆ. ದುಡಿಯಲು ಹೊರಟವನಿಗೆ ಅದು ಒಂದು ರಾತ್ರಿಯ ಬಸ್ಸಿನ ಹಾದಿಯಲ್ಲಿಯೇ ಎದುರಾಗುತ್ತದೆ: ಬೇರೆ ಭಾಷೆ, ಬೇರೆ ಸರ್ಕಾರ, ಬೇರೆ ಕಾರ್ಡು.

ಗೋವೆಯ ಸರ್ಕಾರಿ ವೈದ್ಯವ್ಯವಸ್ಥೆ ಹಳೆಯದು, ಗಟ್ಟಿಯಾದುದು. 1842ರಲ್ಲಿ ಪೋರ್ತುಗೀಜರ ಕಾಲದಲ್ಲಿ ಸ್ಥಾಪಿತವಾದ ವೈದ್ಯಶಾಲೆಯೇ ಇಂದು ಬಾಂಬೋಲಿಮಿನಲ್ಲಿರುವ ಗೋವಾ ಮೆಡಿಕಲ್ ಕಾಲೇಜು. ಕಾರವಾರದವರೂ ಮಹಾರಾಷ್ಟ್ರದ ಸಿಂಧುದುರ್ಗದವರೂ ದೊಡ್ಡ ಜಡ್ಡಿಗೆ ಅಲ್ಲಿಗೇ ಧಾವಿಸುವರು. 2018ರ ಜನವರಿಯಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರಾಜ್ಯದವರಿಗೆ ಶುಲ್ಕವನ್ನು ಗೊತ್ತುಮಾಡಲಾಯಿತು. 2016ರಲ್ಲಿ ಆರಂಭವಾದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡು ಪಡೆಯಬೇಕಾದರೆ ಐದು ವರ್ಷ ಅಲ್ಲಿ ವಾಸವಾಗಿದ್ದುದಕ್ಕೆ ಆಧಾರ ತೋರಿಸಬೇಕು. ಇದನ್ನು ಕೇಳಿ ಕೂಡಲೇ ಕನ್ನಡದ್ವೇಷವೆಂದು ಕೂಗಾಡುವುದು ಸರಿಯಲ್ಲ. 2011ರ ಗಣತಿಯಂತೆ ಹದಿನೈದು ಲಕ್ಷವೂ ತುಂಬದ ಜನಸಂಖ್ಯೆಯ ಪುಟ್ಟ ರಾಜ್ಯವು ನೆರೆಯ ಎರಡು ದೊಡ್ಡ ರಾಜ್ಯಗಳ ರೋಗಿಗಳ ಭಾರವನ್ನು ಕೊನೆಯಿಲ್ಲದೆ ಹೊರಲಾರದು. ಆದರೆ ಆ ರಾಜ್ಯದ ರಸ್ತೆ, ಮನೆ, ಹಡಗುಕಟ್ಟೆಗಳನ್ನು ಕಟ್ಟಿದ ಕೈಗಳಿಗೆ ಐದು ವರ್ಷದ ವಾಸವನ್ನು ಸಾಬೀತುಮಾಡು ಎನ್ನುವುದೂ ನ್ಯಾಯವಲ್ಲ. ಬಾಡಿಗೆಯ ಚೀಟಿಯೇ ಇಲ್ಲದ ಜೋಪಡಿಯಲ್ಲಿರುವವನು ವಾಸದ ಪ್ರಮಾಣವನ್ನು ಎಲ್ಲಿಂದ ತರಬೇಕು?

ಹೊಸಬನಿಗೆ ಹಕ್ಕಿನಿಂದ ಸಲ್ಲಬೇಕಾದುದು ಏನೂ ಇಲ್ಲವೆಂದು ಇದರಿಂದ ತಿಳಿಯಬಾರದು. ತೀರ ಆಪತ್ತಿನಲ್ಲಿ 108 ವಾಹನವು ಎರಡೂ ರಾಜ್ಯಗಳಲ್ಲಿ ಬರುತ್ತದೆ. ಮಲೇರಿಯಾ ತಡೆಗಾಗಿ ಕಟ್ಟಡ ಕೆಲಸಗಾರರ ರಕ್ತ ಪರೀಕ್ಷಿಸಿ ಆರೋಗ್ಯಪತ್ರ ಕೊಡುವ ಪದ್ಧತಿ ಗೋವೆಯಲ್ಲಿದೆ. ಸರ್ಕಾರಿ ದವಾಖಾನೆಯೊಡನೆ ಹಲವರ ಮೊದಲ ಪರಿಚಯವೂ ಅದೇ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ ಉಚಿತವಾಗಿರಬೇಕೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ವಿಧಿಸಿದೆ. ಆಯುಷ್ಮಾನ್ ಭಾರತ ಯೋಜನೆಯು 2018ರಲ್ಲಿ ಬಂದಿತು. ಬಡ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಯೋಜನೆಯಲ್ಲಿ ಸೇರಿದ ಆಸ್ಪತ್ರೆ ದೇಶದ ಯಾವ ಮೂಲೆಯಲ್ಲಿದ್ದರೂ, ಒಳರೋಗಿಯ ಚಿಕಿತ್ಸೆ ಅದರಿಂದ ಸಲ್ಲುತ್ತದೆ. ಹೊರರೋಗಿಯಾಗಿ ಕೊಳ್ಳುವ ಗುಳಿಗೆಗೆ ಅದು ಒದಗದು. ಸೇರಿದ ಆಸ್ಪತ್ರೆ ಯಾವುದೆಂದು 14555ಕ್ಕೆ ಫೋನು ಮಾಡಿ ಕೇಳಬಹುದೆಂಬುದು ಗುಳೆ ಹೋಗುವ ಎಷ್ಟು ಮನೆಗಳಿಗೆ ಗೊತ್ತಿದೆ?

ಇನ್ನು ಆ ಕಾರ್ಡು ಇರುವುದೆಲ್ಲಿ? ಊರಿನಲ್ಲಿ, ಮುದುಕಿಯ ಟ್ರಂಕಿನಲ್ಲಿ. ಜೊತೆಯಲ್ಲಿ ಒಯ್ದರೂ ಹೆಸರಿನ ತೊಡಕು ತಪ್ಪದು. ಮನೆಯಲ್ಲಿ ಬಸವ್ವ, ರೇಶನ್ ಕಾರ್ಡಿನಲ್ಲಿ ಬಸಮ್ಮ, ಆಧಾರಿನಲ್ಲಿ ಬಸವಣ್ಣೆವ್ವ. ಗಂಡನ ಹೆಸರು ಒಂದರಲ್ಲಿ, ಅಡ್ಡಹೆಸರು ಇನ್ನೊಂದರಲ್ಲಿ. ಇಂಗ್ಲಿಷ್ ಅಕ್ಷರಗಳಿಗೆ ಇಳಿದಾಗ ಒಂದೊಂದೂ ಒಂದೊಂದು ರೂಪ. ಮೂರೂ ಒಬ್ಬಳೇ ಎಂದು ಊರಿನ ತಲಾಟಿಗೆ ಗೊತ್ತು. ಮಡಗಾವಿಯ ಕಿಟಕಿಯ ಹಿಂದೆ ಕುಳಿತ ಕಾರಕೂನನಿಗೆ ಅವರು ಮೂವರು ಹೆಂಗಸರು.

ಇದೆಲ್ಲದರ ಕಠೋರವಾದ ಪರೀಕ್ಷೆ ಕ್ಷಯರೋಗ. ಇಳಕಲ್ಲಿನ ಕಲ್ಲಿನ ಗಣಿಯಲ್ಲಿ ಧೂಳು ಕುಡಿದು ಬಂದವನಿಗೆ ಕೆಮ್ಮು ಹೊಸದಲ್ಲ. ಆದಕಾರಣ ಅವನು ತಡಮಾಡುತ್ತಾನೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ದೇಶದ ಯಾವ ಸರ್ಕಾರಿ ದವಾಖಾನೆಯಲ್ಲಾದರೂ ಅದು ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದುದನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಲಾಗಿದೆ. ಔಷಧಕ್ಕೂ ಹಣಕ್ಕೂ ಕೊರತೆಯಿಲ್ಲ. ಕೊರತೆ ಬರುವುದು ಬನದ ಹುಣ್ಣಿಮೆಯ ಹೊತ್ತಿಗೆ. ಬನಶಂಕರಿಯ ಜಾತ್ರೆಗೆಂದು ಊರಿಗೆ ಬಂದವನು, ಎರಡು ತಿಂಗಳ ಗುಳಿಗೆಯಿಂದ ಕೆಮ್ಮು ನಿಂತಿದೆಯೆಂದು, ಉಳಿದುದನ್ನು ಬಿಡುತ್ತಾನೆ. ಇಲ್ಲವೆ ವಾಸ್ಕೋದಲ್ಲಿ ಹಚ್ಚಿದ ಹೆಸರು ಬಾದಾಮಿಯಲ್ಲಿ ನಡೆಯದೆಂದು ತಾನೇ ಭಾವಿಸಿಕೊಳ್ಳುತ್ತಾನೆ. ಆದರೆ ನಡೆಯುತ್ತದೆ: ರೋಗಿಗೆ ಕೊಟ್ಟ ನಿಕ್ಷಯ್ ಸಂಖ್ಯೆ ಎಲ್ಲ ರಾಜ್ಯಗಳಿಗೂ ಒಂದೇ, ಅದನ್ನು ತೋರಿಸಿದರೆ ಚಿಕಿತ್ಸೆಯನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಇದನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳುವವರಿಲ್ಲದೆ ಹೋದುದರಿಂದ ಮತ್ತೆ ಕೆರಳಿದ ಕ್ಷಯವು ಹಳೆಯ ಔಷಧಕ್ಕೆ ಮಣಿಯದಂತಾಗಬಹುದು, ಮನೆಯ ಮಕ್ಕಳಿಗೂ ತಗಲಬಹುದು.

ಮೇಸ್ತ್ರಿಯ ಹೊಣೆಯೇನು ಎಂದು ಕೇಳುವವರುಂಟು. ವಲಸೆ ಕಾರ್ಮಿಕರಿಗೆ ಉಚಿತ ವೈದ್ಯಸೌಲಭ್ಯ ಒದಗಿಸಬೇಕೆಂದು 1979ರ ಕಾನೂನು ಗುತ್ತಿಗೆದಾರನಿಗೆ ವಿಧಿಸಿತ್ತು. ಅದೀಗ 2020ರ ಸಂಹಿತೆಯಲ್ಲಿ ಲೀನವಾಗಿದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಎರಡೂ ಒಂದೇ.

ಕರ್ನಾಟಕ ಸರ್ಕಾರವು ಬಾಂಬೋಲಿಮ್, ಮಡಗಾವಿ, ವಾಸ್ಕೋಗಳ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಒಬ್ಬೊಬ್ಬ ಸಹಾಯಕನನ್ನು ಗೋವೆಯ ಒಪ್ಪಿಗೆ ಪಡೆದು ನೇಮಿಸಬೇಕು. ಅವನು ಉತ್ತರದ ಕನ್ನಡ ಬಲ್ಲವನಾಗಿರಬೇಕೆಂಬುದನ್ನು ಮರೆಯಬಾರದು. ಇಷ್ಟನ್ನು ಬೇಡುವುದು ನ್ಯಾಯ. ಆದರೆ ಆಜ್ಞೆ ಹೊರಡುವವರೆಗೆ ಜಡ್ಡು ಕಾಯುವುದಿಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಗೋವೆಯಲ್ಲಿ ಉದ್ಯೋಗ, ವ್ಯಾಪಾರಗಳಲ್ಲಿರುವವರು ಇದ್ದರೆ, ವಾರಕ್ಕೊಂದು ಮುಂಜಾನೆ ಕೇಸುಪೇಪರಿನ ಕಿಟಕಿಯ ಬಳಿ ನಿಲ್ಲುವುದು ಅಸಾಧ್ಯವಲ್ಲ. ದಾನಿಗಳು ಕಟ್ಟಿಸುವ ಕಮಾನುಗಳ ಮೇಲೆ ಹೆಸರು ಚೆನ್ನಾಗಿ ಕಾಣುತ್ತದೆ, ನಿಜ. ಅದೇ ಹಣದ ಅಲ್ಪಾಂಶದಲ್ಲಿ ಕಾರ್ಡುಗಳ ಹೆಸರು ತಿದ್ದಿಸಿಕೊಡುವ ಒಬ್ಬ ಗುಮಾಸ್ತನನ್ನು ವರ್ಷವಿಡೀ ಸಾಕಬಹುದು.

ಇದು ಸರ್ಕಾರದ ಕೆಲಸ, ಶಾಲೆಗೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಯಾವ ಮನೆ ಗುಳೆ ಹೊರಟಿದೆ ಎಂಬುದು ತಹಶೀಲ್ದಾರರ ಕಚೇರಿಗಿಂತ ಮೊದಲು ತಿಳಿಯುವುದು ತರಗತಿಯ ಶಿಕ್ಷಕರಿಗೆ. ಸಂಕ್ರಮಣ ಕಳೆದ ಮೇಲೆ ಹಾಜರಿ ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮುಂದೆ ಗೈರು ಬೀಳತೊಡಗುತ್ತದೆ. ಅದಕ್ಕೂ ಮೊದಲು, 'ಮುಂದಿನ ವಾರ ಗೋವಾಕ್ಕ ಹೊಂಟೇವ್ರಿ ಸರ' ಎಂದು ಹುಡುಗ ಹೇಳಿರುತ್ತಾನೆ. ಆ ಸಂಜೆ ಅವನ ತಾಯಿಯನ್ನು ಕರೆಸಿ, 'ಯವ್ವಾ, ಕೂಸಿನ ಲಸಿಕಿ ಚೀಟಿ, ನಿನ್ನ ತಾಯಿ ಕಾರ್ಡು, ಆಯುಷ್ಮಾನ್ ಕಾರ್ಡು ಗಂಟಿನ್ಯಾಗ ಅದಾವನು?' ಎಂದು ಕೇಳಿ, ಮೂರರಲ್ಲಿಯೂ ಹೆಸರು ಒಂದೇ ಇದೆಯೇ ಎಂದು ನೋಡಲು ಶಿಕ್ಷಕರಿಗೆ ಹತ್ತು ನಿಮಿಷ ಸಾಕು.